‘ಆಲ್ಫಾ’ ತೋಳದ ಕುರಿತು ಒಂದು ಸ್ಪಷ್ಟನೆ

ತೋಳಗಳ ಗುಂಪಿನಲ್ಲಿ ಕಾದಾಡಿ ಗೆದ್ದ ‘ಆಲ್ಫಾ’ ಗಂಡೇ ಅರಸ, ಉಳಿದವು ಅದಕ್ಕೆ ತಲೆಬಾಗುತ್ತವೆ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಕಾಡಿನ ತೋಳಗಳ ಮಟ್ಟಿಗೆ ಇದು ಸರಿಯಲ್ಲ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಗಮನಿಸಿ ಪ್ರಾಣಿವಿಜ್ಞಾನಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಪ್ರಬಂಧ ಇದರ ಮೂಲ. ಅವರು ಕಂಡದ್ದು ಸುಳ್ಳಲ್ಲ. ಬಿಟ್ಟುಹೋಗಲು ದಾರಿಯೇ ಇಲ್ಲದ ಆವರಣದಲ್ಲಿ ಪ್ರಾಣಿಗಳು ಮೇಲುಕೀಳಿಗಾಗಿ ಕಚ್ಚಾಡಿದವು. ಎಡವಿದ್ದು ಅದನ್ನೇ ಇಡೀ ತೋಳಕುಲದ ಸ್ವಭಾವವೆಂದು ಎಣಿಸಿದಾಗ.

ಕಾಡಿನಲ್ಲಿ ಗುಂಪೆಂದರೆ ಸಾಮಾನ್ಯವಾಗಿ ಒಂದು ಸಂಸಾರ: ತಂದೆ, ತಾಯಿ, ಕಳೆದ ಒಂದೆರಡು ವರ್ಷಗಳ ಮರಿಗಳು. ಬೆಳೆದವು ಪಟ್ಟಕ್ಕಾಗಿ ತಂದೆಯೊಡನೆ ಕಾದಾಡುತ್ತ ಕೂರುವುದಿಲ್ಲ, ಸಂಗಾತಿಯನ್ನು ಹುಡುಕಿಕೊಂಡು ಹೊರಟುಹೋಗುತ್ತವೆ. ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಿಗೆಗಳನ್ನು ಕಾಡುತೋಳಗಳ ನಡುವೆ ಕಳೆದ ಅಮೆರಿಕದ ತೋಳತಜ್ಞ ಡೇವಿಡ್ ಮೆಕ್ 1999ರಲ್ಲಿ ಇದನ್ನು ವಿವರವಾಗಿ ಬರೆದರು. ‘ಆಲ್ಫಾ’ ಕಲ್ಪನೆಯನ್ನು 1970ರ ಪುಸ್ತಕದಿಂದ ಜನಪ್ರಿಯಗೊಳಿಸಿದವರೂ ಅವರೇ. ಆ ಪುಸ್ತಕದ ಮುದ್ರಣ ನಿಲ್ಲಿಸುವಂತೆ ಪ್ರಕಾಶಕರನ್ನು ಒತ್ತಾಯಿಸಿದವರೂ ಅವರೇ.

ಹಾಗೆಂದು ಕಾಡಿನಲ್ಲಿ ಜಗಳವೇ ಇಲ್ಲವೆನ್ನುವುದು ಇನ್ನೊಂದು ಅತಿರೇಕ. ನೆರೆಯ ಗುಂಪುಗಳ ಕಾದಾಟದಲ್ಲಿ ತೋಳಗಳು ಸಾಯುವುದುಂಟು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಕೆಲವು ದೊಡ್ಡ ಗುಂಪುಗಳಲ್ಲಿ ಒಂದಕ್ಕಿಂತ ಹೆಚ್ಚು ಹೆಣ್ಣುಗಳು ಮರಿಹಾಕಿದ್ದೂ ದಾಖಲಾಗಿದೆ. ಅಂಥಲ್ಲಿ ಮೇಲುಕೀಳಿನ ಮಾತಿಗೆ ಅರ್ಥವಿದೆ.