ಶಾಲು ನನಗೆ, ಸುದ್ದಿ ಅವನದು

ಕಳೆದ ಶನಿವಾರ ಕಲಬುರಗಿಯಲ್ಲಿ ನನಗೊಂದು ಸನ್ಮಾನ ಆಯಿತು. ನಾನು ಓದಿದ ಪತ್ರಿಕೋದ್ಯಮ ಮತ್ತು ಸಂವಹನ ವಿಭಾಗದವರು 'ಸಾಧಕ ಹಳೆ ವಿದ್ಯಾರ್ಥಿಗಳು' ಅಂತ ಎಂಟು ಜನರನ್ನು ಕರೆದಿದ್ದರು, ಅದರಲ್ಲಿ ನಾನೂ ಒಬ್ಬಳು. ಫೋಟೊ ನೋಡಿ ತುಂಬಾ ಜನ ಫೋನ್ ಮಾಡಿದ್ದೀರಿ, ಎಲ್ಲರಿಗೂ ಶರಣು. ಯಾವ ವಿಶ್ವವಿದ್ಯಾಲಯ ಅಂತ ಇಲ್ಲಿ ಬರೆಯುವುದಿಲ್ಲ. ಮುಂದೆ ಹೇಳುವುದು ಸ್ವಲ್ಪ ತಕರಾರಿನ ಮಾತು, ಅದರಲ್ಲೂ ಅರ್ಧ ತಕರಾರು ನನ್ನ ಮೇಲೆಯೇ.

ಸನ್ಮಾನ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಹಾರ, ಶಾಲು, ಹಣ್ಣಿನ ಬುಟ್ಟಿ, ಒಂದು ನೆನಪಿನ ಕಾಣಿಕೆ. ಕಲಬುರಗಿಯ ಬೇಸಿಗೆಯಲ್ಲಿ, ಫ್ಯಾನ್ ಬಿಸಿಗಾಳಿ ಬೀಸುವ ಸಭಾಂಗಣದಲ್ಲಿ, ಒಬ್ಬರ ಹೆಗಲಿಗೆ ಉಣ್ಣೆ ಶಾಲು ಹೊದಿಸುವುದು ಸನ್ಮಾನವೋ ಶಿಕ್ಷೆಯೋ ನೀವೇ ಹೇಳಿ. ಎಂಟೂ ಸಾಧಕರು ಬೆವರಿ ತೊಪ್ಪೆಯಾಗಿ ಕೂತಿದ್ದೆವು.

ನನ್ನ ಸರದಿ ಬಂದಾಗ ಅಭಿನಂದನಾ ಪತ್ರ ಓದಿದರು. 'ಭೀಮಾ ಪ್ರವಾಹದ ಸಂದರ್ಭದಲ್ಲಿ ದಿಟ್ಟ ವರದಿಗಾರಿಕೆಯಿಂದ ನಾಡಿನ ಗಮನ ಸೆಳೆದವರು' ಅಂತ ಒಂದು ಸಾಲು ಬಂತು. ನಾನು ಕಳಿಸಿದ ಬಯೋಡೇಟಾದಲ್ಲಿ 'ಭೀಮಾ ಪ್ರವಾಹದ ವಿಶೇಷ ಬುಲೆಟಿನ್ ನಿರ್ಮಾಣ' ಅಂತಷ್ಟೇ ಇತ್ತು. ಅದನ್ನು ಯಾರೋ ಚೆಂದ ಮಾಡಿದ್ದಾರೆ. ಚಪ್ಪಾಳೆ ಬಿತ್ತು. ನಾನು ಎದ್ದು ಕೈ ಮುಗಿದೆ. ಆಗಲೇ ಮೈಕ್ ತಗೊಂಡು 'ಹಾಗಲ್ಲ ಸರ್' ಅನ್ನಬಹುದಿತ್ತು, ಅನ್ನಲಿಲ್ಲ.

ಅನ್ನದೇ ಇದ್ದದ್ದು ಯಾಕೆ ಚುಚ್ಚಿತು ಅಂದರೆ, ಆ ಪ್ರವಾಹದ ವರದಿ ನಿಜವಾಗಿ ಮಾಡಿದವನು ಅದೇ ಸಭಾಂಗಣದಲ್ಲಿದ್ದ. ಕೊನೆ ಸಾಲಿನ ಹತ್ತಿರ ನಿಂತು ನಮ್ಮ ಫೋಟೊ ಹೊಡೆಯುತ್ತಿದ್ದ. ನನ್ನದೇ ಬ್ಯಾಚಿನವನು. ಹೆಸರು ಹಾಕಿದರೆ ಬೈಯುತ್ತಾನೆ, ಗೆಳೆಯ ಅಂತಲೇ ಇರಲಿ. ಅಫಜಲಪುರ ತಾಲೂಕಿನ ಭೀಮಾ ದಂಡೆಯ ಹಳ್ಳಿಯವನು, ಒಂದು ಪತ್ರಿಕೆಗೆ ತಾಲೂಕು ಸುದ್ದಿ ಕಳಿಸುತ್ತಾನೆ, ಚಾನೆಲ್‌ಗಳಿಗೆ ವಿಷುವಲ್ ಕಳಿಸುತ್ತಾನೆ. ಅವತ್ತು ಕಲಬುರಗಿಗೆ ಬೇರೆ ಕೆಲಸಕ್ಕೆ ಬಂದಿದ್ದನಂತೆ. ಅವನ ಪತ್ರಿಕೆಯ ಕಲಬುರಗಿ ಬ್ಯೂರೊದವರೆಲ್ಲ ಮಂತ್ರಿಗಳ ಕಾರ್ಯಕ್ರಮಕ್ಕೆ ಹೋಗಿದ್ದರು, ಅದಕ್ಕೆ 'ಹ್ಯಾಂಗೂ ನಿಂದೇ ಡಿಪಾರ್ಟ್‌ಮೆಂಟ್ ಅದಲ್ಲ, ನೀನೇ ಹೋಗಿ ಬಾ' ಅಂದರಂತೆ. ಹಳೆ ವಿದ್ಯಾರ್ಥಿಯಾಗಿ ಅವನಿಗೆ ಆಮಂತ್ರಣ ಬಂದಿರಲಿಲ್ಲ.

2020ರ ಅಕ್ಟೋಬರ್ ನೆನಪಿರಬೇಕು. ಸೊನ್ನ ಬ್ಯಾರೇಜಿನಿಂದ ನೀರು ಬಿಟ್ಟ ಮೇಲೆ ದಂಡೆಯ ಹಳ್ಳಿಗಳಿಗೆ ಹೊಳೆ ನುಗ್ಗಿತು. ಇವನು ಟ್ರ್ಯಾಕ್ಟರ್ ಹತ್ತಿ, ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ಸಿಗ್ನಲ್ ಸಿಗುವ ದಿನ್ನೆ ಹುಡುಕಿ ಹುಡುಕಿ ಒಂದೊಂದೇ ಕ್ಲಿಪ್ ಕಳಿಸುತ್ತಿದ್ದ. ನಾನು ಬೆಂಗಳೂರಿನಲ್ಲಿ ನಮ್ಮ ಚಾನೆಲ್ಲಿನ ಎಸಿ ರೂಮಿನಲ್ಲಿ ಕೂತು ಅದನ್ನು ಕತ್ತರಿಸಿ ಜೋಡಿಸುತ್ತಿದ್ದೆ. ಮಧ್ಯಾಹ್ನದ ಬುಲೆಟಿನ್‌ಗೆ ಹತ್ತು ನಿಮಿಷ ಇತ್ತು. ಫೋನ್ ಮಾಡಿ 'ಈ ವಿಷುವಲ್ ಸಪ್ಪೆ ಇದೆ ಕಣೋ, ನೀರು ಜಾಸ್ತಿ ಕಾಣೋದು ಒಂದು ಕಳಿಸು' ಅಂತ ಒದರಿದೆ. ಆಕಡೆಯಿಂದ ಅವನು ತಣ್ಣಗೆ, 'ನಮ್ಮ ಮನ್ಯಾಗ ಬಂದದವಾ ನೀರು, ಇನ್ನೆಷ್ಟ್ ಜಾಸ್ತಿ ಬೇಕು?' ಅಂದ. ಅಂದು ಫೋನ್ ಇಟ್ಟ. ಐದು ನಿಮಿಷಕ್ಕೆ ವಿಡಿಯೊ ಬಂತು. ಹೊಸ್ತಿಲು ದಾಟಿದ ನೀರು, ನೀರಲ್ಲಿ ತೇಲುವ ಜೋಳದ ಚೀಲ. ಅದು ಅವರ ಮನೆಯದೇ ಪಡಸಾಲೆ ಅಂತ ನನಗೆ ಆಮೇಲೆ ಗೊತ್ತಾಯಿತು. ನಾವು ಅದನ್ನು ದಿನವಿಡೀ ತಿರುಗಿಸಿ ತಿರುಗಿಸಿ ಹಾಕಿದೆವು, ಮೂಲೆಯಲ್ಲಿ 'ಎಕ್ಸ್‌ಕ್ಲೂಸಿವ್' ಅಂತ ಕೆಂಪು ಪಟ್ಟಿ ಬೇರೆ.

ಆ ಮೂರು ದಿನದ ಕೆಲಸಕ್ಕೆ ಅವನಿಗೆ ಬಂದ ದುಡ್ಡು ಟ್ರ್ಯಾಕ್ಟರಿನ ಡೀಸೆಲ್‌ಗೂ ಸಾಲಲಿಲ್ಲ. ಅದೂ ಬಂದದ್ದು ನಾಲ್ಕು ತಿಂಗಳ ಮೇಲೆ.

ಹಾಗಾದರೆ ಹೊಟ್ಟೆಗೆ ಏನು ಮಾಡುತ್ತಾನೆ? ಒಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಜಾತಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು. ತಾಲೂಕುಗಳಲ್ಲಿ ಸ್ಟ್ರಿಂಗರ್, ಅಂದರೆ ಸಂಬಳವಿಲ್ಲದೆ ಕಳಿಸಿದ ಸುದ್ದಿಗಿಷ್ಟು ಅಂತ ದುಡ್ಡು ಪಡೆಯುವ ವರದಿಗಾರ, ಆಗಿರುವ ತುಂಬಾ ಜನರ ಕಥೆ ಇದೇ. ಇಲ್ಲಿ ಒಂದು ಕುಚೋದ್ಯ ನೋಡಿ. ಪತ್ರಕರ್ತರ ಸಂಬಳ, ರಜೆ, ಕೆಲಸದ ಹೊತ್ತು ಅಂತೆಲ್ಲ 1955ರಲ್ಲೇ ಕಾರ್ಯನಿರತ ಪತ್ರಕರ್ತರ ಕಾಯ್ದೆ ಬಂತು. ಕಾರ್ಯನಿರತ ಪತ್ರಕರ್ತ ಯಾರು ಅಂದರೆ ಪತ್ರಿಕೋದ್ಯಮವೇ ಯಾರ ಮುಖ್ಯ ಕಸುಬೋ ಅವರು ಅಂತ ಅದರಲ್ಲಿತ್ತು. ಸುದ್ದಿ ಬರೆದರೆ ಹೊಟ್ಟೆ ತುಂಬುವುದಿಲ್ಲ ಅಂತ ಅಂಗಡಿ ಇಡುತ್ತಾನೆ, ಅಂಗಡಿ ಇದೆಯಲ್ಲ ಅಂತ ಅವನು ಪತ್ರಕರ್ತನೇ ಅಲ್ಲ ಅನ್ನಿಸಿಕೊಳ್ಳುತ್ತಾನೆ. ಇದರ ಮೇಲೆ ಆಗಸ್ಟ್ 15ಕ್ಕೆ, ದೀಪಾವಳಿಗೆ ಪತ್ರಿಕೆಗೆ ಜಾಹೀರಾತು ತರಬೇಕು. ಯಾರ ರಸ್ತೆ ಕಾಮಗಾರಿ ಬಗ್ಗೆ ಸೋಮವಾರ ಬರೆದಿರುತ್ತಾನೋ ಅವರ ಮನೆ ಬಾಗಿಲಿಗೇ ಮಂಗಳವಾರ ರಸೀದಿ ಪುಸ್ತಕ ಹಿಡಿದು ಹೋಗಬೇಕು. ದಿಟ್ಟತನ ಅಂದರೆ ಇದು ಸ್ವಾಮಿ.

ಈಗ ವೇದಿಕೆ ಮೇಲಿದ್ದ ನಮ್ಮ ಎಂಟು ಜನರನ್ನು ನೋಡಿ. ಐದು ಜನ ಬೆಂಗಳೂರಿನ ಚಾನೆಲ್ ಮತ್ತು ಪತ್ರಿಕೆಯವರು, ಒಬ್ಬರು ಹೈದರಾಬಾದಿನಲ್ಲಿ ಕಂಪನಿಯೊಂದರ ಪಿಆರ್, ಒಬ್ಬರು ದೆಹಲಿಯಲ್ಲಿ ಪಾಠ ಮಾಡುವವರು, ಒಬ್ಬರು ಸರ್ಕಾರಿ ಅಧಿಕಾರಿ. ಎಲ್ಲರೂ ಕಷ್ಟಪಟ್ಟೇ ಬಂದವರು, ಯಾರ ಬಗ್ಗೆಯೂ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕಲಬುರಗಿ, ಬೀದರ್, ಯಾದಗಿರಿಯಲ್ಲೇ ಉಳಿದು ಸುದ್ದಿ ಮಾಡುತ್ತಿರುವ ಒಬ್ಬರೂ ಇರಲಿಲ್ಲ. ಒಬ್ಬರೂ ಸಿಗಲಿಲ್ಲವಾ? ಅಥವಾ ಸಾಧನೆ ಅಂದರೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವುದೇ?

ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಸಮಯಕ್ಕೆ ಹಳೆ ವಿದ್ಯಾರ್ಥಿಗಳ ನೆನಪು ಜಾಸ್ತಿ ಆಗುತ್ತದೆ ಅನ್ನುವುದೂ ಗೊತ್ತಿರುವ ವಿಷಯವೇ. ಅವರ ಐದನೇ ಮಾನದಂಡದಲ್ಲಿ ಹಳೆ ವಿದ್ಯಾರ್ಥಿಗಳ ಜೊತೆ ನಂಟು ಹೇಗಿದೆ ಅಂತ ಕೇಳುತ್ತಾರೆ. ಫೈಲಿಗೆ ಫೋಟೊ ಬೇಕು, ಫೋಟೊಗೆ ಟಿವಿಯವರಿದ್ದರೆ ಚೆಂದ. ಇದನ್ನು ನಾನು ದೊಡ್ಡ ತಪ್ಪು ಅನ್ನುವುದಿಲ್ಲ. ಇರುವ ನಾಲ್ಕೈದು ಜನ ಮೇಷ್ಟ್ರು ಪಾಠವನ್ನೂ ಮಾಡಬೇಕು, ಫೈಲನ್ನೂ ತುಂಬಬೇಕು.

ಆದರೂ ಬೇರೆ ಊರಿನ ವಿಭಾಗ ಹೀಗೆ ಮಾಡಿದ್ದರೆ ನನಗೆ ಇಷ್ಟು ಬೇಜಾರಾಗುತ್ತಿರಲಿಲ್ಲ. ನಮ್ಮ ಕಾಕಾ ಒಂದು ಕಥೆ ಹೇಳುತ್ತಿದ್ದರು. 1975ರಲ್ಲಿ ಅವರ ಊರಿನ ಶಾಲೆಗೆ ಒಂದು ಟಿವಿ ಬಂತು, ಅದಕ್ಕೆ ಕೋಳಿ ಬಲೆಯಿಂದ ಮಾಡಿದ ಹತ್ತು ಅಡಿಯ ಛತ್ರಿಯಂಥ ಆಂಟೆನಾ. ಸೈಟ್ ಅನ್ನುವ ಉಪಗ್ರಹ ಪ್ರಯೋಗ ಅದು. ಅಮೆರಿಕದ ನಾಸಾದ ಉಪಗ್ರಹವನ್ನು ಒಂದು ವರ್ಷ ಎರವಲು ತಂದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಇಸ್ರೋದವರು ಟಿವಿ ಮುಟ್ಟಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಯ ಹಳ್ಳಿಗಳನ್ನು. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಕಲಬುರಗಿಯಲ್ಲಿ ದೂರದರ್ಶನ ಕೇಂದ್ರ ಶುರುವಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ! ಕಲಬುರಗಿ ಹಳ್ಳಿಯ ರೈತ ಕಟ್ಟೆ ಮೇಲೆ ಕೂತು ಟಿವಿ ನೋಡುತ್ತಿದ್ದ ಕಾಲಕ್ಕೆ ಬೆಂಗಳೂರಿನವರ ಮನೆಯಲ್ಲಿ ರೇಡಿಯೊ ಅಷ್ಟೇ ಇತ್ತು. ಸಂವಹನ ಅಂದರೆ ಹಳ್ಳಿಯಿಂದ ಶುರು ಅಂತ ಆ ವಿಜ್ಞಾನಿಗಳು ತಿಳಿದಿದ್ದರು. ಇದನ್ನು ನಮಗೆ ಎಂಎ ಮೊದಲ ಸೆಮಿಸ್ಟರಿನಲ್ಲಿ ಇದೇ ವಿಭಾಗದಲ್ಲೇ ಪಾಠ ಮಾಡಿದ್ದರು, ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬಂದಿತ್ತು ಕೂಡ. ಅದೇ ವಿಭಾಗದ ಸನ್ಮಾನದ ಪಟ್ಟಿಯಲ್ಲಿ ಒಂದೂ ಹಳ್ಳಿ ಇಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಹೊರಗೆ ಬಂದು ಇಬ್ಬರೂ ಸುಸಲಾ, ಮಿರ್ಚಿ ಭಜಿ ತಿಂದೆವು. ನಾನು ಅಭಿನಂದನಾ ಪತ್ರದ ಸುದ್ದಿ ತೆಗೆದೆ, ತಪ್ಪಾಯಿತು ಅಂದೆ. 'ಬಿಡವಾ, ಅದ್ರಾಗೇನದ' ಅಂದು ಮಾತು ಹಾರಿಸಿದ. ಶಾಲನ್ನು ಅವನಿಗೇ ಹೊದಿಸಲು ಹೋದರೆ, 'ಈ ಬಿಸಲಾಗ ನನ್ನ ಕೊಲ್ಲಬೇಕಂತಿಯೇನು' ಅಂತ ನಕ್ಕ. ಹಣ್ಣಿನ ಬುಟ್ಟಿ ಮಾತ್ರ ತಗೊಂಡ, ಮಕ್ಕಳಿಗೆ ಆಗುತ್ತದೆ ಅಂತ.

ಆಮೇಲೆ ಅವನ ಫೋನಿನಲ್ಲಿ ಹಳೆ ವಿಡಿಯೊ ನೋಡೋಣ ಅಂದೆ. ಇಲ್ಲ. ಪ್ರವಾಹದ ಫೋನ್ ಕೆಟ್ಟು ಎರಡು ವರ್ಷ ಆಯಿತು. ನಮ್ಮ ಚಾನೆಲ್ಲಿನಲ್ಲಿ ಇರಬಹುದು, ನಾನೂ ಹುಡುಕಿಲ್ಲ. ಕೊರೊನಾದಿಂದ ದೇಶದ ಮೊದಲ ಸಾವು ವರದಿಯಾದದ್ದು 2020ರ ಮಾರ್ಚಿನಲ್ಲಿ ಇದೇ ಕಲಬುರಗಿಯಿಂದ. ಆ ವಾರ ಊರೆಲ್ಲ ಬಾಗಿಲು ಹಾಕಿಕೊಂಡಾಗ ಬೀದಿಯಲ್ಲಿದ್ದವರಲ್ಲಿ ನಮ್ಮ ಜೂನಿಯರ್‌ಗಳೂ ಇದ್ದರು. ಅವರು ತೆಗೆದದ್ದು, ಬರೆದದ್ದು ಎಲ್ಲಿದೆ? ಯಾರದೋ ಟ್ರಂಕಿನಲ್ಲಿ, ಯಾರದೋ ಕೆಟ್ಟ ಮೊಬೈಲಿನಲ್ಲಿ. ವಿಭಾಗದಲ್ಲಿ ಒಂದು ಕಪಾಟು, ಒಂದು ಹಾರ್ಡ್ ಡಿಸ್ಕ್ ಇಡುವುದಕ್ಕೆ ಎಂಟು ಶಾಲಿನ ಖರ್ಚಿಗಿಂತ ಜಾಸ್ತಿ ಏನೂ ಆಗುವುದಿಲ್ಲ. ಹಳೆ ವಿದ್ಯಾರ್ಥಿಗಳ ಕೆಲಸವನ್ನು ತಂದಿಡಿ. ಇಂಥವರನ್ನು ತಿಂಗಳಿಗೊಮ್ಮೆ ಕರೆದು ಒಂದು ಗಂಟೆ ಪಾಠ ಮಾಡಿಸಿ, ಅದಕ್ಕೆ ದುಡ್ಡು ಕೊಡಿ, ಸುಮ್ನೆ ಪ್ರಮಾಣಪತ್ರ ಬೇಡ. ನಾನು ಓದುವಾಗ ವಿದ್ಯಾರ್ಥಿಗಳೇ ತರುತ್ತಿದ್ದ ಪ್ರಾಯೋಗಿಕ ಪತ್ರಿಕೆಗೆ ಎಪಿಎಂಸಿಯ ತೊಗರಿ ದರದ ಬಗ್ಗೆ ಮೊದಲ ವರದಿ ಬರೆದಿದ್ದೆ. 'ಇದರಾಗ ರೈತ ಎಲ್ಲಿ ಅದಾನ?' ಅಂತ ಕೇಳಿ, ಅದನ್ನು ಪೂರ್ತಿ ತಿದ್ದಿಸಿದವನು ಇದೇ ಗೆಳೆಯ. ಮೇಷ್ಟ್ರು ಆ ವರದಿಗೆ ನನ್ನನ್ನೇ ಹೊಗಳಿದ್ದರು. ಆಗಲೂ ಹೀಗೇ.

ಭಾನುವಾರ ಬೆಳಗ್ಗೆ ಪತ್ರಿಕೆಯಲ್ಲಿ ಸುದ್ದಿ ಬಂತು. ಮೂರು ಕಾಲಂ, ಎಂಟೂ ಜನರ ಫೋಟೊ, ಎಂಟೂ ಹೆಸರು. ಬರೆದವನ ಹೆಸರಿಲ್ಲ, ಪತ್ರಿಕೆ ಹೆಸರಿನ ಮುಂದೆ 'ವಾರ್ತೆ' ಅಂತ ಇದೆ. ಮತ್ತೊಮ್ಮೆ ಓದಿದಾಗ ಇನ್ನೊಂದು ಕಂಡಿತು. ನನ್ನ ಹೆಸರಿನ ಜೊತೆ 'ಬುಲೆಟಿನ್ ನಿರ್ಮಾಪಕಿ' ಅಂತಷ್ಟೇ ಇತ್ತು. ವೇದಿಕೆಯಲ್ಲಿ ಓದಿದ ದಿಟ್ಟ ವರದಿಗಾರಿಕೆ ಎಲ್ಲೂ ಇರಲಿಲ್ಲ. ಹತ್ತು ಗಂಟೆಗೆ ವಾಟ್ಸಾಪಿನಲ್ಲಿ ಅವನದೊಂದು ಮೆಸೇಜು: 'ಮೇಡಂ, ನಿಮ್ ಹೆಸರ್ ಸರಿ ಬಂದದ ಇಲ್ಲೋ ನೋಡ್ರಿ. ಡೆಸ್ಕಿನವ್ರು ಒಮ್ಮೊಮ್ಮೆ ತಪ್ಪ್ ಮಾಡ್ತಾರ.'