ಲಾರ್ಡ್ ಆಗಲ್ಲ ಎಂದ ಟೋನಿ ಬೆನ್

ಬ್ರಿಟನ್ನಿನ ರಾಜಕಾರಣಿಗಳಲ್ಲಿ ನನಗೆ ತುಂಬಾ ಇಷ್ಟವಾದವರು ಲೇಬರ್ ಪಕ್ಷದ ಟೋನಿ ಬೆನ್. ಅವರ ಎಲ್ಲ ನೀತಿಗಳನ್ನೂ ನಾನು ಒಪ್ಪುವುದಿಲ್ಲ. ಆದರೆ 1960ರಿಂದ 1963ರವರೆಗೆ ಅವರು ನಡೆಸಿದ ಹೋರಾಟದ ಕಥೆ ಓಟು ಹಾಕುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಬೆನ್ ಹುಟ್ಟಿದ್ದು 1925ರಲ್ಲಿ, ಲಂಡನ್ನಿನಲ್ಲಿ. ಅಪ್ಪನ ಅಪ್ಪ, ಅಮ್ಮನ ಅಪ್ಪ ಇಬ್ಬರೂ ಸಂಸದರಾಗಿದ್ದವರು. ಅಪ್ಪ ವಿಲಿಯಂ ವೆಡ್ಜ್‌ವುಡ್ ಬೆನ್ 1929ರಿಂದ 1931ರವರೆಗೆ ಲೇಬರ್ ಸರ್ಕಾರದಲ್ಲಿ ಭಾರತದ ಖಾತೆ ನೋಡಿಕೊಳ್ಳುತ್ತಿದ್ದ ಮಂತ್ರಿ. ದಂಡಿಯಲ್ಲಿ, ನಮ್ಮ ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಲಂಡನ್ನಿನಲ್ಲಿ ಆ ಕುರ್ಚಿಯಲ್ಲಿ ಕೂತಿದ್ದವರು ಅವರೇ.

1942ರಲ್ಲಿ, ಯುದ್ಧದ ನಡುವೆ, ಜನ ಆರಿಸದ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಲೇಬರ್ ಪಕ್ಷಕ್ಕೆ ಇನ್ನಷ್ಟು ಜನ ಬೇಕಾಗಿದ್ದರು. ಹಾಗಾಗಿ ಅಪ್ಪ ವೈಕೌಂಟ್ ಸ್ಟ್ಯಾನ್ಸ್‌ಗೇಟ್ ಎಂಬ ಲಾರ್ಡ್ ಆದರು. ಈ ಪದವಿ ಅಪ್ಪನ ನಂತರ ಹಿರಿಯ ಮಗನಿಗೆ ಹೋಗುವಂಥದ್ದು. ಹಿರಿಯ ಮಗ ಮೈಕೆಲ್‌ಗೆ ಪಾದ್ರಿಯಾಗುವ ಆಸೆ, ಅವನು ಬೇಡ ಅನ್ನಲಿಲ್ಲ. ಆದರೆ ವಾಯುಪಡೆಯಲ್ಲಿ ಪೈಲಟ್ ಆಗಿದ್ದ ಮೈಕೆಲ್ 1944ರಲ್ಲಿ ತೀರಿಕೊಂಡ. ಯಾರೂ ಕೇಳದೆಯೇ ಲಾರ್ಡ್ ಆಗುವ ಸರದಿ ಟೋನಿಗೆ ಬಂತು.

ಟೋನಿಗೆ ಬೇಕಾಗಿದ್ದದ್ದು ಜನ ಆರಿಸಿ ಕಳಿಸುವ ಹೌಸ್ ಆಫ್ ಕಾಮನ್ಸ್. 1950ರಲ್ಲಿ, 25ನೇ ವಯಸ್ಸಿಗೇ, ಬ್ರಿಸ್ಟಲ್ ಸೌತ್ ಈಸ್ಟ್ ಕ್ಷೇತ್ರದಿಂದ ಗೆದ್ದರು. ಅದು ಸ್ಟಾಫರ್ಡ್ ಕ್ರಿಪ್ಸ್ ತೆರವು ಮಾಡಿದ ಜಾಗ. ಹೌದು, 1942ರಲ್ಲಿ ಭಾರತಕ್ಕೆ ಬಂದಿದ್ದ ಅದೇ ಕ್ರಿಪ್ಸ್. ಮುಂದೆ ಏನಾಗುತ್ತದೆ ಅಂತ ಬೆನ್‌ಗೆ ಗೊತ್ತಿತ್ತು. ಪದವಿಯನ್ನು ಮೊದಲೇ ಬಿಟ್ಟುಕೊಡಲು 1955ರಲ್ಲಿ ಒಂದು ಮಸೂದೆ ತಂದು ನೋಡಿದರು. ಲಾರ್ಡ್ಸ್ ಅದನ್ನು ತಿರಸ್ಕರಿಸಿತು.

1960ರ ನವೆಂಬರ್‌ನಲ್ಲಿ ಅಪ್ಪ ತೀರಿಕೊಂಡರು. ಆ ಕ್ಷಣದಿಂದಲೇ ಕಾನೂನಿನ ಪ್ರಕಾರ ಮಗ ಲಾರ್ಡ್. ಲಾರ್ಡ್ ಆದವರು ಆಗ ಕಾಮನ್ಸ್‌ನಲ್ಲಿ ಇರುವ ಹಾಗಿರಲಿಲ್ಲ. 10 ವರ್ಷ ಸಂಸದರಾಗಿದ್ದವರನ್ನು, ಯಾವ ತಪ್ಪೂ ಇಲ್ಲದೆ, ಯಾವ ಮತದಾರನೂ ಬೇಡ ಅನ್ನದೆ ಹೊರಗೆ ಹಾಕಿದರು. ಅಪ್ಪನನ್ನು ಕಳೆದುಕೊಂಡ ದುಃಖದ ಜೊತೆಗೆ ಇದೂ ಬೇರೆ.

1961ರ ಮೇನಲ್ಲಿ ಬ್ರಿಸ್ಟಲ್‌ನಲ್ಲಿ ಉಪಚುನಾವಣೆ. ಬೆನ್ ಮತ್ತೆ ನಿಂತರು. ಗೆದ್ದರೂ ಸದನಕ್ಕೆ ಬಿಡುವುದಿಲ್ಲ ಅಂತ ಇಡೀ ಕ್ಷೇತ್ರಕ್ಕೆ ಗೊತ್ತಿತ್ತು. ಎದುರು ಪಕ್ಷ ಕನ್ಸರ್ವೇಟಿವ್‌ನ ಚರ್ಚಿಲ್ ಕೂಡ ಈ ವಿಷಯದಲ್ಲಿ ಬೆನ್ ಪರ ಪತ್ರ ಬರೆದುಕೊಟ್ಟಿದ್ದರು. ಫಲಿತಾಂಶ ಬಂದಾಗ ಬೆನ್‌ಗೆ 23,275 ಓಟು, ಎದುರಾಳಿ ಮಾಲ್ಕಂ ಸೇಂಟ್ ಕ್ಲೇರ್‌ಗೆ 10,231. ಈ ಅಂಕಿ ನೋಡಿದಾಗಲೆಲ್ಲ ನನಗೆ ಆ ಮತದಾರರ ಮೇಲೆ ಗೌರವ ಉಕ್ಕುತ್ತದೆ. ಓಟು ವ್ಯರ್ಥವಾಗಬಹುದು ಅಂತ ಗೊತ್ತಿದ್ದೂ, ನಮ್ಮ ಪ್ರತಿನಿಧಿ ಯಾರು ಅಂತ ನಾವೇ ಹೇಳುತ್ತೇವೆ ಎಂದು ಹೋಗಿ ಓಟು ಹಾಕಿ ಬಂದವರು ಅವರು.

ಗೆದ್ದ ಬೆನ್ ಪಾರ್ಲಿಮೆಂಟಿಗೆ ಹೋದರು. ಬಾಗಿಲು ಕಾಯುವವರು ಸ್ಪೀಕರ್ ಆದೇಶದಂತೆ ಅಲ್ಲೇ ತಡೆದರು. ವಿಷಯ ಚುನಾವಣಾ ಕೋರ್ಟಿಗೆ ಹೋಯಿತು. ಬೆನ್ ತಮ್ಮ ಪರ ತಾವೇ ವಾದಿಸಿದರು, ಸೋತರು. ಅನರ್ಹ ಅಂತ ಗೊತ್ತಿದ್ದೂ ಹಾಕಿದ ಓಟು ಲೆಕ್ಕಕ್ಕಿಲ್ಲ ಎಂದ ಕೋರ್ಟು, ಅರ್ಧದಷ್ಟು ಓಟೂ ಸಿಗದ ಸೇಂಟ್ ಕ್ಲೇರ್‌ಗೆ ಕ್ಷೇತ್ರವನ್ನು ಕೊಟ್ಟಿತು.

ಅಷ್ಟಾದರೂ ಬೆನ್ ಬಿಡಲಿಲ್ಲ. ಕೊನೆಗೆ ಸರ್ಕಾರವೇ ಕಾನೂನು ಬದಲಿಸಬೇಕಾಯಿತು. 1963ರ ಜುಲೈ 31ರ ಸಂಜೆ, ಲಾರ್ಡ್ ಪದವಿ ಬಿಟ್ಟುಕೊಡಲು ಅವಕಾಶ ಕೊಡುವ ಪೀರೇಜ್ ಕಾಯ್ದೆಗೆ ರಾಣಿಯ ಒಪ್ಪಿಗೆ ಸಿಕ್ಕಿತು. ಅದೇ ಸಂಜೆ 6 ಗಂಟೆ 22 ನಿಮಿಷಕ್ಕೆ ಬೆನ್ ಪದವಿ ಬಿಟ್ಟುಕೊಟ್ಟರು. ಆ ಕಾಯ್ದೆಯಡಿ ಹಾಗೆ ಮಾಡಿದ ಮೊದಲಿಗರು ಅವರೇ. ಸೇಂಟ್ ಕ್ಲೇರ್ ಕೂಡ ಕೊಟ್ಟ ಮಾತಿನಂತೆ ರಾಜೀನಾಮೆ ಕೊಟ್ಟರು. ಅವರ ಈ ಸಭ್ಯತೆಯನ್ನೂ ನೆನೆಯಬೇಕು. ಆಗಸ್ಟ್‌ನಲ್ಲಿ ಬೆನ್ ಮತ್ತೆ ಗೆದ್ದು ಒಳಗೆ ಹೋದರು.

ಇದರ ಪರಿಣಾಮ ಎಲ್ಲಿಗೆ ಮುಟ್ಟಿತು ನೋಡಿ. ಅದೇ ಅಕ್ಟೋಬರ್‌ನಲ್ಲಿ ಪ್ರಧಾನಿ ಮ್ಯಾಕ್‌ಮಿಲನ್ ರಾಜೀನಾಮೆ ಕೊಟ್ಟಾಗ, ಅವರ ಜಾಗಕ್ಕೆ ಬಂದ ಕನ್ಸರ್ವೇಟಿವ್ ನಾಯಕ ಅರ್ಲ್ ಆಫ್ ಹೋಮ್. ಅರ್ಲ್ ಕೂಡ ವಂಶದಿಂದ ಬರುವ ಲಾರ್ಡ್ ಪದವಿಯೇ, ಇವರು ಅವರ ವಂಶದ 14ನೇ ಅರ್ಲ್. ಬೆನ್ ಹೋರಾಡಿ ಗಳಿಸಿದ ಕಾನೂನನ್ನೇ ಬಳಸಿ ಪದವಿ ಬಿಟ್ಟು, ಉಪಚುನಾವಣೆ ಗೆದ್ದು ಕಾಮನ್ಸ್‌ಗೆ ಬಂದರು. ಪ್ರಧಾನಿಯಾಗುವವರು ಕೂಡ ಜನರ ಮುಂದೆ ನಿಂತು ಓಟು ಕೇಳಿದರಲ್ಲ, ಅದು ಒಳ್ಳೆಯದೇ.

ಬೆನ್ ಅವರ ಮುಂದಿನ ದಾರಿ ಅಷ್ಟು ಸಲೀಸಾಗಿರಲಿಲ್ಲ. ಅಂಚೆ, ತಂತ್ರಜ್ಞಾನ, ಇಂಧನ ಖಾತೆಗಳನ್ನು ನೋಡಿಕೊಂಡರು. ಕಾಂಕಾರ್ಡ್ ವಿಮಾನದ ಪರ ಗಟ್ಟಿಯಾಗಿ ನಿಂತರು. ವಯಸ್ಸಾದಂತೆ ಹೆಚ್ಚು ಹೆಚ್ಚು ಎಡಕ್ಕೆ ಹೋದರು. 1981ರಲ್ಲಿ ಪಕ್ಷದ ಉಪನಾಯಕನ ಸ್ಥಾನಕ್ಕೆ ಡೆನಿಸ್ ಹೀಲಿ ವಿರುದ್ಧ ನಿಂತು, ಶೇ 1ಕ್ಕಿಂತ ಕಡಿಮೆ ಅಂತರದಲ್ಲಿ ಸೋತರು. ಆ ಜಗಳದಿಂದ ಲೇಬರ್ ಪಕ್ಷಕ್ಕೆ ಪೆಟ್ಟು ಬಿತ್ತು ಅಂತಲೇ ನನ್ನ ಅಭಿಪ್ರಾಯ. 1983ರಲ್ಲಿ ಪಕ್ಷವೂ ಸೋತಿತು, ಬ್ರಿಸ್ಟಲ್‌ನಲ್ಲಿ ಬೆನ್ ಕೂಡ ಸೋತರು. ಮರುವರ್ಷ ಚೆಸ್ಟರ್‌ಫೀಲ್ಡ್‌ನಿಂದ ಗೆದ್ದು ಬಂದು 2001ರವರೆಗೆ ಸದನದಲ್ಲಿದ್ದರು. ಆಮೇಲೆ ಇರಾಕ್ ಯುದ್ಧದ ವಿರುದ್ಧ ಬೀದಿಗಿಳಿದರು.

ಅಧಿಕಾರದಲ್ಲಿ ಇರುವವರಿಗೆ 5 ಪ್ರಶ್ನೆ ಕೇಳಿ ಅಂತ ಅವರು ಹೇಳುತ್ತಿದ್ದರು. ನಿಮ್ಮ ಬಳಿ ಯಾವ ಅಧಿಕಾರ ಇದೆ? ಎಲ್ಲಿಂದ ಬಂತು? ಯಾರ ಒಳಿತಿಗೆ ಬಳಸುತ್ತೀರಿ? ಯಾರಿಗೆ ಉತ್ತರ ಕೊಡಬೇಕು? ನಿಮ್ಮನ್ನು ಇಳಿಸುವುದು ಹೇಗೆ? ಬಾಗಿಲಲ್ಲಿ ತಡೆಸಿಕೊಂಡವರ ಬಾಯಿಂದ ಬಂದ ಪ್ರಶ್ನೆಗಳು ಇವು, ಅದಕ್ಕೇ ನನಗೆ ಇಷ್ಟು ಮುಖ್ಯ.

ಅವರದ್ದೂ ವಂಶ ರಾಜಕಾರಣವೇ ಅಲ್ವಾ ಅಂತ ಯಾರಾದರೂ ಕೇಳಬಹುದು. ಅಜ್ಜ, ಅಪ್ಪ, ಅವರು, ಆಮೇಲೆ ಮಗ ಹಿಲರಿ ಬೆನ್. ಸರಿಯಾದ ಪ್ರಶ್ನೆಯೇ. ಮನೆತನದ ಹೆಸರು ಖಂಡಿತ ಅನುಕೂಲ ಮಾಡಿಕೊಟ್ಟಿರುತ್ತದೆ. ಆದರೂ ಬ್ರಿಸ್ಟಲ್ ಜನ 1983ರಲ್ಲಿ ಅವರನ್ನು ಸೋಲಿಸಿ ಮನೆಗೆ ಕಳಿಸಿದರು. ಲಾರ್ಡ್ಸ್‌ನಲ್ಲಿ ಕೂತಿದ್ದರೆ ಹಾಗೆ ಕಳಿಸಲು ಯಾರಿಗೂ ಆಗುತ್ತಿರಲಿಲ್ಲ.

ಇನ್ನೊಂದು ವಿಷಯ. ಆ ಕಾಯ್ದೆಯಲ್ಲಿ ಪದವಿ ಬಿಟ್ಟವರು ಬದುಕಿರುವವರೆಗೆ ಮಾತ್ರ ಅದು ಇಲ್ಲವಾಗುತ್ತದೆ. 2014ರಲ್ಲಿ ಬೆನ್ ತೀರಿಕೊಂಡಾಗ ಹಿರಿಯ ಮಗ ಸ್ಟೀಫನ್ ವೈಕೌಂಟ್ ಆದರು, 2021ರಲ್ಲಿ ಲಾರ್ಡ್ಸ್‌ಗೂ ಹೋದರು. ಅದು ಅವರ ಆಯ್ಕೆ, ತಪ್ಪು ಅನ್ನಲಾರೆ. ಆದರೆ ಅವರ ತಂದೆ 1991ರಲ್ಲೇ ರಾಜಪದವಿ, ಲಾರ್ಡ್ಸ್ ಎರಡನ್ನೂ ತೆಗೆದು ಎಲ್ಲವನ್ನೂ ಚುನಾವಣೆಗೆ ಬಿಡುವ ಮಸೂದೆ ಮಂಡಿಸಿದ್ದರು. ಅದು ಪಾಸಾಗಲಿಲ್ಲ. ಪಾಸಾಗಬೇಕಿತ್ತು ಅಂತ ನಾನು ಈಗಲೂ ಹೇಳುತ್ತೇನೆ.