ಮಲಗಿದರೆ ಕಸವಿಲ್ಲ

ಕಳೆದ ಜನವರಿಯ ಒಂದು ಬೆಳಿಗ್ಗೆ ಆರೂವರೆಗೆ ನಾನು ಉಡುಪಿ ಕಡೆಯ ಒಂದು ಕಡಲತೀರದಲ್ಲಿ ಬೋರಲು ಬಿದ್ದುಕೊಂಡಿದ್ದೆ. ಎಡಕ್ಕೆ ನಾಲ್ವರು, ಬಲಕ್ಕೆ ಐವರು, ಅದೇ ಭಂಗಿಯಲ್ಲಿ. ಎಲ್ಲರ ಗಲ್ಲವೂ ಹಸಿ ಮರಳಿನಲ್ಲಿ. ಎಲ್ಲರ ಮುಂದೆಯೂ ಮನೆಯವರ ಕಣ್ಣು ತಪ್ಪಿಸಿ ತಂದ ಒಂದೊಂದು ಕಾವಲಿ. ಕ್ಯಾಮೆರಾವನ್ನು ಕಾವಲಿಯೊಳಗಿಟ್ಟು ತಳ್ಳಿಕೊಂಡು ಹೋದರೆ ಮರಳು ಮೆತ್ತುವುದಿಲ್ಲ, ಲೆನ್ಸ್ ಸರಿಯಾಗಿ ಹಕ್ಕಿಯ ಕಣ್ಣಿನ ಮಟ್ಟಕ್ಕೆ ನಿಲ್ಲುತ್ತದೆ. ಹತ್ತು ಲಕ್ಷ ದಾಟಿದ ಲೆನ್ಸಿಗೂ ಕೊನೆಗೆ ಆಸರೆಯಾಗುವುದು ನೀರುದೋಸೆಯ ಕಾವಲಿಯೇ.

ಬಲೆ ಹೊತ್ತು ಬಂದ ಮೀನುಗಾರರೊಬ್ಬರು ನಮ್ಮನ್ನು ನೋಡಿ ಗಕ್ಕನೆ ನಿಂತರು. "ಎಷ್ಟು ಜನ ಮುಳುಗಿದ್ದು?" ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ, ಉತ್ತರಿಸಿದರೆ ಹಕ್ಕಿ ಹಾರುತ್ತದಲ್ಲ. ಅಷ್ಟರಲ್ಲಿ ನನ್ನ ಪಕ್ಕದ ಗೆಳೆಯ ಮೊಣಕೈ ಊರಿ, ಸೊಂಟ ತಿರುಚಿ, ಗೇಣು ಗೇಣಾಗಿ ಮುಂದೆ ಸರಿಯತೊಡಗಿದ. ಮೀನುಗಾರರಿಗೆ ಅನುಮಾನ ಉಳಿಯಲಿಲ್ಲ. ಓಡಿ ಬಂದು, ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದು ಅವನ ಅಂಗೈಗೆ ಒತ್ತಿಬಿಟ್ಟರು. ಫಿಟ್ಸ್ ಬಂದವರಿಗೆ ಕಬ್ಬಿಣ ಹಿಡಿಸಬೇಕೆಂದು ಅವರಿಗೆ ಯಾರೋ ಹೇಳಿದ್ದರಂತೆ. ಹಕ್ಕಿ ಹಾರಿತು. ಹತ್ತೂ ಜನ ಪುಣ್ಯಾತ್ಮನನ್ನು ಬೈದೆವು.

ಹಕ್ಕಿ ಎಂದರೆ ಸ್ಯಾಂಡ್ ಪ್ಲವರ್. ಟಿಬೆಟ್, ಲಡಾಖ್ ಕಡೆಯ ಎತ್ತರದ ಬಯಲುಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ, ಚಳಿಗಾಲ ಕಳೆಯಲು ನಮ್ಮ ಕರಾವಳಿಗೆ ಬರುತ್ತದೆ. ತೂಕ ಸುಮಾರು 60 ಗ್ರಾಂ. ಅದರತ್ತ ಗುರಿಯಿಟ್ಟ 600 ಎಂಎಂ ಲೆನ್ಸಿನ ತೂಕ 3 ಕಿಲೋ, ಅಂದರೆ ಐವತ್ತು ಹಕ್ಕಿಗಳಷ್ಟು. ನಾಲ್ಕು ಹೆಜ್ಜೆ ಓಡಿ, ನಿಂತು, ದಿಟ್ಟಿಸಿ, ಒಂದು ಹುಳ ಕುಕ್ಕುವುದರೊಳಗೆ ಎದುರಿನಿಂದ ಹತ್ತು ಕಾವಲಿಗಳು ತೆವಳಿ ಬರುತ್ತವೆ. ತಿಂದು ಕೊಬ್ಬು ಕಟ್ಟಿಕೊಂಡರಷ್ಟೇ ಬೇಸಿಗೆಗೆ ವಾಪಸು ಹಿಮಾಲಯ ದಾಟಲು ಅದಕ್ಕೆ ಸಾಧ್ಯ. ಆದರೆ ಹಾರಿದ ಮೇಲೂ ನಾವು ಬೇಸರಿಸುವುದಿಲ್ಲ. ಛಾಯಾಚಿತ್ರ ಸ್ಪರ್ಧೆಗಳಲ್ಲಿ ಹಾರುವ ಭಂಗಿಗೂ ಬೇರೆ ವಿಭಾಗದಲ್ಲಿ ಬಹುಮಾನವಿದೆ.

ಲೋ ಆ್ಯಂಗಲ್‌ನ ಮಹಿಮೆ ಮಲಗಿದವರಿಗೇ ಗೊತ್ತು. ನಿಂತು ತೆಗೆದರೆ ಹಕ್ಕಿಯ ಹಿಂದೆ ಎರಡೇ ಅಡಿಯಲ್ಲಿರುವ ಮರಳು ಚೊಕ್ಕವಾಗಿ ಬರುತ್ತದೆ. ಅದರ ಮೇಲಿನ ಗುಟ್ಕಾ ಚೀಟಿಯ ಅಕ್ಷರ ಸಹಿತ. ಮಲಗಿದರೆ ಹಿನ್ನೆಲೆ ದೂರ ಸರಿಯುತ್ತದೆ, ಲೆನ್ಸಿನ ಕಿಂಡಿಯಾದ ಅಪರ್ಚರನ್ನು ಎಫ್ 4ಕ್ಕೆ ಪೂರ್ತಿ ತೆರೆದರೆ ಎಲ್ಲವೂ ಕರಗಿ ಬಣ್ಣವಾಗುತ್ತದೆ. ಚಿಪ್ಸ್ ಪೊಟ್ಟಣ ಹೊಂಬಿಸಿಲಾಗುತ್ತದೆ, ಮುರಿದ ಥರ್ಮೋಕೋಲ್ ನೊರೆಯಾಗುತ್ತದೆ, ಒಂಟಿ ಹವಾಯಿ ಚಪ್ಪಲಿ ಮುಂಜಾವಿನ ಕೆಂಪಾಗುತ್ತದೆ. ಪಂಚಾಯಿತಿಗೆ ಹತ್ತು ವರ್ಷದಲ್ಲಿ ಆಗದ ಕಸ ವಿಲೇವಾರಿ ಎಫ್ 4ರಲ್ಲಿ ಕ್ಷಣಾರ್ಧದಲ್ಲಿ ಮುಗಿಯುತ್ತದೆ, ಅದೂ ಟೆಂಡರ್ ಇಲ್ಲದೆ. ನಾನೂ ಅಂದು ಒಂದು ಚಿತ್ರ ತೆಗೆದೆ: ಹಕ್ಕಿಯ ಹಿಂದೆ ಉದ್ದಕ್ಕೂ ಹರಡಿದ ಅದ್ಭುತ ನೀಲಿ. ತೀರ್ಪುಗಾರರೊಬ್ಬರು "ಅರಬ್ಬಿ ಸಮುದ್ರದ ನಿರ್ಮಲತೆ ಮೈವೆತ್ತಿದೆ" ಎಂದು ಬರೆದರು. ಸಮುದ್ರ ನನ್ನ ಬೆನ್ನಿಗಿತ್ತು. ಅದನ್ನು ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ಚಿತ್ರ ಅಧಿಕಾರಿಗಳ ಕಣ್ಣಿಗೂ ಬಿತ್ತು. ಅವರಿಗೆ ತೀರಕ್ಕೆ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ಕಡಲತೀರಗಳಿಗೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ, ತರುವ ಆಸೆ. 2020ರಲ್ಲಿ ಹೊನ್ನಾವರದ ಕಾಸರಕೋಡಿಗೂ ಪಡುಬಿದ್ರಿಗೂ ಸಿಕ್ಕಿದ್ದು ನಮಗೇಕೆ ಸಿಗಬಾರದು? ಅದಕ್ಕೆ 33 ಮಾನದಂಡಗಳಿವೆ. ತೇಲಿ ಬಂದ ಕಡಲಪಾಚಿಯನ್ನು ಸಹಜವಾಗಿ ತೀರದಲ್ಲೇ ಬಿಡಬೇಕೆಂಬುದೂ ಅವುಗಳಲ್ಲೊಂದು, ಹಕ್ಕಿಗಳ ಊಟ ಇರುವುದೇ ಆ ಪಾಚಿಯಲ್ಲಿ. ನಮ್ಮ ತೀರದಲ್ಲಿ ಟ್ರ್ಯಾಕ್ಟರ್ ತಂದು ಪಾಚಿಯನ್ನು ನೀಟಾಗಿ ಬಳಿದು ಒಯ್ದರು. ಪ್ಲಾಸ್ಟಿಕ್ ಮರಳಿನಡಿ ಸೇರಿತು. ಕೆಲವು ತಿಂಗಳ ಬಳಿಕ, ಮತ್ತೆ ಹಕ್ಕಿಗಳು ಬಂದಿಳಿಯುವ ಹೊತ್ತಿಗೆ ಕಡಲ ಉತ್ಸವ. ಹಕ್ಕಿಗಳು ಮೇಯುತ್ತಿದ್ದ ಜಾಗದಲ್ಲೇ ಕಂಬ ನೆಟ್ಟು ನನ್ನ ಚಿತ್ರದ ಇಪ್ಪತ್ತು ಅಡಿಯ ಫ್ಲೆಕ್ಸ್ ಕಟ್ಟಿದರು. ಅರವತ್ತು ಗ್ರಾಮಿನ ಹಕ್ಕಿ ದಸರಾ ಆನೆಯಷ್ಟಾಗಿತ್ತು. ಡಿಜೆಯ ಸದ್ದಿಗೆ ನಿಜವಾದ ಹಕ್ಕಿಗಳು ಹೊಳೆಯಾಚೆಗೆ ಹೋಗಿದ್ದವು. ಫ್ಲೆಕ್ಸ್ ಇದೆಯಲ್ಲ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನನಗೆ ಶಾಲು ಹೊದಿಸಿ, ಹಾರ ಹಾಕಿ ಕಳುಹಿಸಿದರು. ವೇದಿಕೆ ಇಳಿಯುವಾಗ ಬೀಗದ ಕೈಯ ಮೀನುಗಾರರು ಫ್ಲೆಕ್ಸಿನ ಮುಂದೆ ನಿಂತಿದ್ದರು. ಹಕ್ಕಿಯತ್ತ ಅವರ ಗಮನವಿರಲಿಲ್ಲ. ಹಿನ್ನೆಲೆಯ ನೀಲಿಯನ್ನೇ ದಿಟ್ಟಿಸುತ್ತಾ, ಒಂದು ಮೂಲೆಯ ಮಸುಕು ಕಲೆಯ ಮೇಲೆ ಬೆರಳಿಟ್ಟರು.

"ಸಾರ್, ಇದು ನಮ್ಮ ದೋಣಿಯ ಟಾರ್ಪಾಲು. ಹೋದ ವರ್ಷದ ಮಳೆಗಾಲದ ಗಾಳಿಗೆ ಹಾರಿಹೋಗಿತ್ತು. ಇಲ್ಲಿ ನೋಡಿ, ನಾನೇ ಹಾಕಿದ ತೇಪೆ. ಎಲ್ಲಿ ಬಿದ್ದಿತ್ತು ಇದು?"